ಉಂಡವರ ಮಾತು: ಹೊರನಾಡ ಕನ್ನಡಿಗರ ಹೋಟೆಲುಗಳ ಚರಿತ್ರೆಗೆ ಒಂದು ಆಕರ

ಹೊರನಾಡ ಕನ್ನಡಿಗರ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಸಂಘಗಳು, ಪತ್ರಿಕೆಗಳು, ನಾಟಕ ಮತ್ತು ಯಕ್ಷಗಾನ ಮಂಡಳಿಗಳು, ಕನ್ನಡ ಶಾಲೆಗಳು ಇವುಗಳನ್ನು ಆಧರಿಸಿಯೇ ಬರೆದಿದ್ದಾರೆ. ಈ ಬರವಣಿಗೆಯಲ್ಲಿ ಹೋಟೆಲು ಬರುವುದು ಬಹುಮಟ್ಟಿಗೆ ದೇಣಿಗೆ ಕೊಟ್ಟವರ ಉದ್ಯೋಗವಾಗಿ ಮಾತ್ರ. ಆದರೆ ಮುಂಬಯಿ, ಚೆನ್ನೈ, ದೆಹಲಿಯಂಥ ನಗರಗಳಲ್ಲಿ ಅನ್ಯಭಾಷಿಕರು ಕನ್ನಡ ನಾಡಿನವರನ್ನು ಮೊದಲು ಕಂಡದ್ದು ಹೆಚ್ಚಾಗಿ ಸಭಾಭವನಗಳಲ್ಲಲ್ಲ, ಹೋಟೆಲಿನ ಮೇಜಿನ ಮುಂದೆ. ಆ ಭೇಟಿಯ ಚರಿತ್ರೆಯನ್ನು ಬರೆಯಲು ನಮಗೆ ದೊರೆಯುವ ಆಕರಗಳು ಸ್ಥೂಲವಾಗಿ ಮೂರು ಬಗೆಯವು. ಮೊದಲನೆಯದು ಮಾಲೀಕರ ಕಡೆಯದು: ಜೀವನ ಚರಿತ್ರೆ, ಅಭಿನಂದನ ಗ್ರಂಥ, ಸ್ಮರಣ ಸಂಚಿಕೆ. ಎರಡನೆಯದು ಸರ್ಕಾರದ ಕಡೆಯದು: ಕಾಯಿದೆ, ಪರವಾನಗಿ, ನ್ಯಾಯಾಲಯದ ತೀರ್ಪು. ಮೂರನೆಯದು ಉಂಡವರ ಕಡೆಯದು: ಪ್ರವಾಸಕಥನ, ಆತ್ಮಕಥೆ, ಮಾರ್ಗದರ್ಶಿ ಪುಸ್ತಕ, ಪತ್ರಿಕೆಯ ಅಂಕಣ, ಇಂದಿನ ದಿನಗಳಲ್ಲಿ ನಕ್ಷತ್ರಗಳ ಲೆಕ್ಕ.

ಈ ಮೂರನೆಯ ಬಗೆಯ ಆಕರವನ್ನು ವಿದ್ವಾಂಸರು ಗಂಭೀರವಾಗಿ ಪರಿಗಣಿಸಿರುವುದು ಕಡಿಮೆ. ರುಚಿಯ ಮಾತು ವ್ಯಕ್ತಿಗತವಾದದ್ದು, ಅದರಿಂದ ಚರಿತ್ರೆ ಹುಟ್ಟದು ಎಂಬ ಭಾವನೆ ಇದಕ್ಕೆ ಕಾರಣವಿರಬಹುದು. ನಮ್ಮ ಅಭಿಪ್ರಾಯ ಬೇರೆ. ಹೋಟೆಲಿನ ಬಗೆಗೆ ಉಂಡವನು ಕೊಡುವ ತೀರ್ಪು ರುಚಿಯ ಮಾತಷ್ಟೇ ಅಲ್ಲ. ಆ ಕಾಲದಲ್ಲಿ ಯಾರು ಯಾರೊಡನೆ ಕುಳಿತು ಉಣ್ಣಬಹುದಾಗಿತ್ತು, ಹಣ ಕೊಟ್ಟವನಿಗೆ ಯಾವ ಹಕ್ಕು ಇತ್ತು ಎಂಬುದರ ದಾಖಲೆಯೂ ಹೌದು. ಆದರೆ ಅದು ಅರ್ಧ ದಾಖಲೆ. ಬೇಯಿಸಿದವರೂ ಬಡಿಸಿದವರೂ ಎಂಜಲು ತೆಗೆದವರೂ ಅದರಲ್ಲಿ ಕಾಣುವುದಿಲ್ಲ. ಈ ಎರಡು ಅಂಶಗಳನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

1. ತೀರ್ಪಿನ ಹಕ್ಕು

ಹೋಟೆಲುಗಳು ಬರುವ ಮೊದಲು ಪ್ರಯಾಣಿಕನಿಗೆ ಆಸರೆಯಾಗಿದ್ದವು ಛತ್ರ, ಸತ್ರ, ಮಠ, ಅರವಟ್ಟಿಗೆಗಳು. ಕನ್ನಡ ಶಾಸನಗಳಲ್ಲಿ ಸತ್ರಕ್ಕೆ ಬಿಟ್ಟ ಭೂಮಿಯ ಉಲ್ಲೇಖಗಳು ಹೇರಳವಾಗಿವೆ. ಅಲ್ಲಿ ದಾನಿಯ ಹೆಸರಿದೆ, ಭೂಮಿಯ ಎಲ್ಲೆಯಿದೆ, ದಾನವನ್ನು ಕೆಡಿಸಿದವನಿಗೆ ಶಾಪವಿದೆ; ಉಂಡವನ ಮಾತು ಇಲ್ಲ. ದಾನದ ಅನ್ನವನ್ನು ಉಂಡವನು ಅದನ್ನು ತೂಗಿ ನೋಡುವುದು ಸಲ್ಲದ ನಡತೆ. ಹಣ ಕೊಟ್ಟು ಉಣ್ಣುವ ಪದ್ಧತಿ ಬಂದಾಗ ಮಾತ್ರ ಉಂಡವನಿಗೆ ತೀರ್ಪು ಹೇಳುವ ಹಕ್ಕು ಬಂದಿತು.

ಈ ಎರಡು ಸ್ಥಿತಿಗಳ ನಡುವಣ ಘಟ್ಟವನ್ನು ತೋರಿಸುವ ಉತ್ತಮ ನಿದರ್ಶನ ಏನುಗುಲ ವೀರಾಸ್ವಾಮಿಯವರ ತೆಲುಗು ಕೃತಿ ‘ಕಾಶೀಯಾತ್ರಾ ಚರಿತ್ರ’. 1830-31ರಲ್ಲಿ ಮದರಾಸಿನಿಂದ ಕಾಶಿಗೆ ಹೋಗಿಬಂದ ಅವರು ಪ್ರತಿ ಮಜಲಿನಲ್ಲಿಯೂ ತಂಗಲು ಸ್ಥಳವಿದೆಯೆ, ಅಡುಗೆಯ ಸಾಮಾನು ದೊರೆಯುವುದೆ ಎಂಬುದನ್ನು ಗುರುತು ಹಾಕಿಕೊಳ್ಳುತ್ತ ಹೋದರು. ಅವರು ಕೇಳಿದ್ದು ‘ಇಲ್ಲಿನ ಊಟ ಚೆನ್ನಾಗಿದೆಯೆ’ ಎಂದಲ್ಲ, ‘ಇಲ್ಲಿ ನಮ್ಮವರು ಅಡುಗೆ ಮಾಡಿಕೊಳ್ಳಬಹುದೆ’ ಎಂದು. ಮುಂದೆ ಬರುವವರಿಗೆ ತಿಳಿಯಲೆಂದು ಹಾದಿಯ ಅನುಕೂಲ ಅನನುಕೂಲಗಳನ್ನು ಬರೆದಿಡುವ ಕ್ರಮ ದೇಶಭಾಷೆಯಲ್ಲಿ ಆ ವೇಳೆಗಾಗಲೇ ಇತ್ತೆಂಬುದಕ್ಕೆ ಈ ಕೃತಿ ಸಾಕ್ಷಿ.

ಬ್ರಿಟಿಷರ ಆಡಳಿತದಲ್ಲಿ ಈ ಕ್ರಮಕ್ಕೆ ಕಚೇರಿಯ ರೂಪ ಬಂದಿತು. ಡಾಕ್ ಬಂಗಲೆಗಳಲ್ಲಿ ಒಂದು ಪುಸ್ತಕವಿರುತ್ತಿತ್ತು. ತಂಗಿದವರು ತಮ್ಮ ಹೆಸರನ್ನೂ ಬಂದು ಹೋದ ವೇಳೆಯನ್ನೂ ದೂರು ಇದ್ದರೆ ಅದನ್ನೂ ಅದರಲ್ಲಿ ಬರೆಯಬೇಕಾಗಿತ್ತು. ಲಂಡನ್ನಿನ ಮರ್ರೆ ಪ್ರಕಾಶನ ಸಂಸ್ಥೆ 1859ರಲ್ಲಿ ಎಡ್ವರ್ಡ್ ಈಸ್ಟ್‌ವಿಕ್ ಬರೆದ ಭಾರತದ ಕೈಪಿಡಿಯನ್ನು ಹೊರತಂದಿತು. ಅದರಲ್ಲಿ ಮದರಾಸು ಮತ್ತು ಮುಂಬಯಿ ಪ್ರಾಂತಗಳ ವಿವರಗಳಿದ್ದವು. ಆದರೆ ಈ ಪುಸ್ತಕಗಳಲ್ಲಿ ಮಾತನಾಡುವವನು ಬಿಳಿಯ ಪ್ರವಾಸಿ. ಅವನ ಮಾತಿನ ಗುರಿಯಾದವನು ಖಾನ್ಸಾಮ. ಖಾನ್ಸಾಮನಿಗೆ ಆ ಪುಸ್ತಕದಲ್ಲಿ ಪ್ರತ್ಯುತ್ತರ ಬರೆಯುವ ಜಾಗ ಇರಲಿಲ್ಲ. ಉಂಡವನು ಬರೆಯುತ್ತಾನೆ, ಬಡಿಸಿದವನು ಬರೆಸಿಕೊಳ್ಳುತ್ತಾನೆ ಎಂಬ ಈ ಅಸಮತೆ ಮುಂದಿನ ನೂರೈವತ್ತು ವರ್ಷಗಳಲ್ಲಿ ರೂಪ ಬದಲಿಸಿದರೂ ಅಳಿದುಹೋಗಲಿಲ್ಲ ಎಂಬುದನ್ನು ಗಮನಿಸಬೇಕು.

ರೈಲ್ವೆ ಬಂದ ಮೇಲೆ ಕೆಲ್ನರ್, ಸ್ಪೆನ್ಸರ್ ಮೊದಲಾದ ಕಂಪೆನಿಗಳ ಉಪಾಹಾರ ಗೃಹಗಳು ನಿಲ್ದಾಣಗಳಲ್ಲಿ ತೆರೆದವು. ಅವು ಮುಖ್ಯವಾಗಿ ಐರೋಪ್ಯರಿಗಾಗಿ ಇದ್ದವು. ದೇಶೀಯರಿಗೆ ಹಿಂದೂ ನೀರು, ಮುಸಲ್ಮಾನ ನೀರು, ಹಿಂದೂ ಚಹ, ಮುಸಲ್ಮಾನ ಚಹ ಎಂಬ ವಿಂಗಡಣೆ. ದಕ್ಷಿಣದಲ್ಲಿ ಬ್ರಾಹ್ಮಣರಿಗೆ ಪ್ರತ್ಯೇಕ ಊಟದ ಸ್ಥಳ. ರೈಲು ಎಲ್ಲರನ್ನೂ ಒಂದೇ ಡಬ್ಬಿಯಲ್ಲಿ ಕೂರಿಸಿತು. ಊಟ ಅವರನ್ನು ಮತ್ತೆ ಬೇರೆ ಬೇರೆ ಮಾಡಿತು. ಉಡುಪಿ ಹೋಟೆಲು ತಲೆಯೆತ್ತಿದ್ದು ಈ ಹಿನ್ನೆಲೆಯಲ್ಲಿ.

2. ಹಲಗೆಯ ಮೇಲಿನ ಹೆಸರು

ಹೊರನಾಡು ಎಂಬ ಶಬ್ದವನ್ನು ಇಲ್ಲಿ ಎಚ್ಚರದಿಂದ ಬಳಸಬೇಕು. 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯವರೆಗೆ ದಕ್ಷಿಣ ಕನ್ನಡ ಜಿಲ್ಲೆ ಮದರಾಸು ಆಡಳಿತಕ್ಕೆ ಸೇರಿತ್ತು. ಉತ್ತರ ಕನ್ನಡ, ಧಾರವಾಡ, ಬಿಜಾಪುರ, ಬೆಳಗಾವಿ ಮುಂಬಯಿ ಆಡಳಿತದಲ್ಲಿದ್ದವು. ಆದುದರಿಂದ 1930ರ ದಶಕದಲ್ಲಿ ಕಡಂದಲೆಯ ಯುವಕನೊಬ್ಬ ಮದರಾಸಿಗೆ ಹೋದನೆಂದರೆ ಅವನು ಪರರಾಜ್ಯಕ್ಕೆ ಹೋದನೆಂದಲ್ಲ, ತನ್ನದೇ ಪ್ರಾಂತದ ರಾಜಧಾನಿಗೆ ಹೋದನೆಂದು ತಿಳಿಯಬೇಕು. ಕಡಂದಲೆಯಿಂದ ಹೋದ ಕೆ. ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ರಾಮನಾಡಿನ ರಾಜರಿಗೆ ಸೇರಿದ ‘ವುಡ್‌ಲ್ಯಾಂಡ್ಸ್’ ಎಂಬ ಬಂಗಲೆಯನ್ನು ಗೇಣಿಗೆ ಪಡೆದು ಹೋಟೆಲನ್ನಾಗಿ ಮಾಡಿದರು. ಆ ಬಂಗಲೆಯ ಇಂಗ್ಲಿಷ್ ಹೆಸರೇ ಸಂಸ್ಥೆಯ ಹೆಸರಾಗಿ ನಿಂತಿತು. ಮುಂಬಯಿಯ ಮಾಟುಂಗದಲ್ಲಿ ಎ. ರಾಮನಾಯಕರು 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನ ಹಲಗೆಯ ಮೇಲಾದರೋ ಊರಿನ ಹೆಸರೂ ದೇವರ ಹೆಸರೂ ಒಟ್ಟಿಗೆ ಬಂದವು.

ಕರಾವಳಿಯ ಜನ ಹೀಗೆ ವಲಸೆ ಹೋದದ್ದಕ್ಕೆ ಕಾರಣಗಳು ಹಲವು: ಗೇಣಿಯ ಭೂಮಿಯ ಅಲ್ಪ ಆದಾಯ, ದೊಡ್ಡ ಕುಟುಂಬಗಳು, 1923ರ ಮಹಾಪೂರದಂಥ ವಿಪತ್ತುಗಳು, ಮಠಗಳ ದೊಡ್ಡ ಅಡುಗೆಮನೆಗಳಲ್ಲಿ ಬಂದ ಪಳಗುವಿಕೆ. 1974ರ ಭೂಸುಧಾರಣೆಯ ಅನಂತರ ಭೂಮಿ ಕಳೆದುಕೊಂಡ ಕುಟುಂಬಗಳಿಂದಲೂ ಹೋಟೆಲು ಉದ್ಯಮಕ್ಕೆ ಜನ ಬಂದರು. ಶಿವಳ್ಳಿ, ಕೋಟ ಬ್ರಾಹ್ಮಣರ ಕೈಯಲ್ಲಿ ಬೆಳೆದ ಉದ್ಯಮವನ್ನು ಮುಂಬಯಿಯಲ್ಲಿ ಗೌಡ ಸಾರಸ್ವತರೂ ಬಂಟರೂ ಇತರರೂ ವಿಸ್ತರಿಸಿದರು. ಈ ಪಲ್ಲಟವನ್ನು ಸ್ಟಿಗ್ ಟಾಫ್ಟ್ ಮ್ಯಾಡ್‌ಸೆನ್ ಮತ್ತು ಜೆಫ್ರಿ ಗಾರ್ಡೆಲ್ಲಾ ಅವರು 2012ರಲ್ಲಿ ಪ್ರಕಟವಾದ ತಮ್ಮ ಪ್ರಬಂಧದಲ್ಲಿ ಚರ್ಚಿಸಿದ್ದಾರೆ.

ನಮ್ಮ ವಿಷಯಕ್ಕೆ ಮುಖ್ಯವಾದುದು ಹಲಗೆ. ಗುರುತಿಲ್ಲದ ಊರಿಗೆ ಬಂದವನಿಗೆ ‘ಉಡುಪಿ’ ಎಂಬ ಮೂರಕ್ಷರ ಕಣ್ಣಿಗೆ ಬೀಳದಿದ್ದರೂ ‘ಉಡುಪಿ’ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಇಲ್ಲಿ ಮಾಂಸವಿಲ್ಲ, ಅಡುಗೆಯವರು ಬ್ರಾಹ್ಮಣರು, ದರ ಕಡಿಮೆ ಎಂಬ ಅರ್ಥ ಹೊಳೆಯುತ್ತಿತ್ತು. ಅಂದರೆ ತೀರ್ಪು ಊಟಕ್ಕೆ ಮೊದಲೇ ಸಿದ್ಧವಾಗಿತ್ತು. ಇಂದು ಪ್ರವಾಸಿ ನಕ್ಷತ್ರಗಳನ್ನು ಎಣಿಸಿ ಒಳಗೆ ಹೋಗುವಂತೆ ಅಂದಿನವನು ಹಲಗೆಯನ್ನು ನೋಡಿ ಒಳಗೆ ಹೋಗುತ್ತಿದ್ದ. ಆದರೆ ನಕ್ಷತ್ರ ಹೇಳುವುದು ರುಚಿಯ ದರ್ಜೆಯನ್ನು; ಹಲಗೆ ಹೇಳುತ್ತಿದ್ದುದು ಜಾತಿಯ ಭರವಸೆಯನ್ನು.

3. ಒಳಗೆ ಬಾರದವರ ಸಾಕ್ಷ್ಯ

ಭರವಸೆ ಒಬ್ಬನಿಗೆ ಆಹ್ವಾನವಾದರೆ ಇನ್ನೊಬ್ಬನಿಗೆ ನಿಷೇಧ. ಉಂಡವರ ಮಾತನ್ನು ಆಕರವಾಗಿ ಸ್ವೀಕರಿಸುವಾಗ ಉಣ್ಣಲು ಬಿಡದವರ ಮಾತನ್ನೂ ಅದೇ ಸಾಲಿನಲ್ಲಿ ಇರಿಸಬೇಕೆಂಬುದು ನಮ್ಮ ವಾದ. ಈ ದೃಷ್ಟಿಯಿಂದ ಡಾ. ಬಿ. ಆರ್. ಅಂಬೇಡ್ಕರರ ‘ವೈಟಿಂಗ್ ಫಾರ್ ಎ ವೀಸಾ’ ಭಾರತದ ಪ್ರವಾಸ ಸಾಹಿತ್ಯದ ಬಹುಮುಖ್ಯ ಬರೆಹ. ವಿದೇಶದಲ್ಲಿ ಓದಿ ಬಂದು ಬರೋಡ ಸಂಸ್ಥಾನದಲ್ಲಿ ಉದ್ಯೋಗಕ್ಕೆ ಸೇರಿದ ಅವರಿಗೆ ತಂಗಲು ಹಿಂದೂ ಹೋಟೆಲು ದೊರೆಯಲಿಲ್ಲ. ಪಾರ್ಸಿ ವಸತಿಗೃಹವೊಂದರಲ್ಲಿ ಬೇರೆ ಹೆಸರಿನಲ್ಲಿ ತಂಗಿದರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದ ಜನರ ಗುಂಪು ಬಂದು ಅವರನ್ನು ಹೊರಡಿಸಿತು. ಆ ವಸತಿಗೃಹದ ಕತ್ತಲೆ, ಒಂಟಿತನ, ಬಾಡಿಗೆ ಎಲ್ಲವನ್ನೂ ಅವರು ವಿವರವಾಗಿ ಬರೆದಿದ್ದಾರೆ. ಪ್ರವಾಸಿಯೊಬ್ಬ ತಂಗುದಾಣದ ಬಗೆಗೆ ಬರೆಯುವ ಎಲ್ಲ ಅಂಶಗಳೂ ಅದರಲ್ಲಿವೆ. ಆದರೆ ಅಲ್ಲಿ ತೂಗಿ ನೋಡಲ್ಪಟ್ಟದ್ದು ವಸತಿಗೃಹವಲ್ಲ, ತಂಗಿದವನ ಜಾತಿ.

1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿಯ ಎರಡನೆಯ ಖಂಡದಲ್ಲಿ ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲುಗಳ ಪ್ರವೇಶಕ್ಕೆ ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳಗಳ ಕಾರಣದಿಂದ ಅಡ್ಡಿ ಮಾಡಕೂಡದೆಂದು ಸ್ಪಷ್ಟವಾಗಿ ಹೇಳಲಾಯಿತು. ದೇಶದ ಮೂಲಭೂತ ಕಾನೂನಿನಲ್ಲಿ ಹೋಟೆಲನ್ನು ಹೆಸರಿಸಬೇಕಾಗಿ ಬಂದದ್ದು ಆ ಜಾಗದ ಸಾಮಾಜಿಕ ಮಹತ್ವವನ್ನು ತೋರಿಸುತ್ತದೆ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಈ ಅಡ್ಡಿಯನ್ನು ಶಿಕ್ಷಾರ್ಹವಾಗಿಸಿತು.

ಆದರೂ ಹಲಗೆ ಉಳಿದಿತ್ತು. 1957ರಲ್ಲಿ ಮದರಾಸಿನ ತಿರುವಲ್ಲಿಕೇಣಿಯ ಮುರಳಿ ಕೆಫೆಯ ಹಲಗೆಯ ಮೇಲಿದ್ದ ‘ಬ್ರಾಹ್ಮಣ’ ಶಬ್ದದ ವಿರುದ್ಧ ಪೆರಿಯಾರರ ದ್ರಾವಿಡರ್ ಕಳಗಂ ಹೋರಾಟ ಹೂಡಿತು. ತಿಂಗಳುಗಟ್ಟಲೆ ಕಾರ್ಯಕರ್ತರು ಬಂದು ಬಂಧನಕ್ಕೊಳಗಾದರು; ಕಡೆಗೆ ಆ ಶಬ್ದ ಹಲಗೆಯಿಂದ ಇಳಿಯಿತು. ಬೆಂಗಳೂರಿನಲ್ಲಿಯೂ ಇದಕ್ಕೆ ಹೋಲಿಕೆ ಕಾಣಬಹುದು. 1924ರಲ್ಲಿ ಕೋಟ ಕಡೆಯ ಮಯ್ಯ ಸಹೋದರರು ‘ಬ್ರಾಹ್ಮಿನ್ ಕಾಫಿ ಕ್ಲಬ್’ ಎಂಬ ಹೆಸರಿನಲ್ಲಿ ಆರಂಭಿಸಿದ ಹೋಟೆಲು 1960ರಲ್ಲಿ ಲಾಲ್‌ಬಾಗ್ ರಸ್ತೆಗೆ ಬಂದಾಗ ‘ಮಾವಳ್ಳಿ ಟಿಫಿನ್ ರೂಮ್ಸ್’ ಆಗಿತ್ತು. ಜಾತಿಯ ಹೆಸರಿನ ಜಾಗದಲ್ಲಿ ಬಡಾವಣೆಯ ಹೆಸರು ಕುಳಿತುಕೊಂಡಿತು.

4. ಮಡಿಯಿಂದ ಚೊಕ್ಕಟಕ್ಕೆ

ಜಾತಿಯ ಭರವಸೆ ಹಿಂದೆ ಸರಿದಾಗ ಅದರ ಜಾಗದಲ್ಲಿ ಯಾವುದು ಬಂದಿತು? ಮಾವಳ್ಳಿಯ ಹೋಟೆಲಿನ ಚರಿತ್ರೆ ಇದಕ್ಕೆ ಉತ್ತರ ಕೊಡುತ್ತದೆ. ಅದರ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಉಪಾಹಾರ ಗೃಹಗಳನ್ನು ನೋಡಿಬಂದರು. ಬಂದ ಮೇಲೆ ತಟ್ಟೆ ಲೋಟಗಳನ್ನು ಬಿಸಿ ಹಬೆಯಲ್ಲಿ ಶುದ್ಧಿಮಾಡುವ ಕ್ರಮವನ್ನು ಆಚರಣೆಗೆ ತಂದರು. ಗಿರಾಕಿಗಳು ಅಡುಗೆಮನೆಯನ್ನು ಕಣ್ಣಾರೆ ಕಾಣುವಂತೆ ಮಾಡಿದರು. ಹೋಟೆಲಿನವನೇ ಪ್ರವಾಸಿಯಾಗಿ ಪರದೇಶದ ಹೋಟೆಲುಗಳನ್ನು ತೂಗಿ ನೋಡಿ, ಆ ತೀರ್ಪನ್ನು ತನ್ನ ಅಡುಗೆಮನೆಯಲ್ಲಿ ಜಾರಿಗೆ ತಂದ ಅಪರೂಪದ ಸಂಗತಿ ಇದು. ಪರರ ಕಣ್ಣು ಬಿದ್ದರೆ ಮೈಲಿಗೆಯಾಗುವ ಮಡಿಯ ಅಡುಗೆಮನೆ, ಪರರ ಕಣ್ಣಿಗೆ ತೆರೆದುಕೊಂಡದ್ದರಿಂದಲೇ ನಂಬಿಕೆಗೆ ಅರ್ಹವಾದ ಚೊಕ್ಕಟ ಅಡುಗೆಮನೆಯಾಗಿ ಮಾರ್ಪಟ್ಟಿತು. ಮುಂದೆ 1975-77ರ ತುರ್ತುಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ತಿಂಡಿಯ ದರಗಳನ್ನು ಇಳಿಸಿದಾಗ ಇದೇ ಹೋಟೆಲು ತನಗಾಗುತ್ತಿದ್ದ ನಷ್ಟವನ್ನು ಬರೆದು ಹೊರಗೆ ತೂಗುಹಾಕಿತು. ದರಪಟ್ಟಿ, ನಷ್ಟಪಟ್ಟಿಗಳೂ ಚರಿತ್ರೆಯ ದಾಖಲೆಗಳೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

5. ಅಂಕಣವೂ ನಕ್ಷತ್ರವೂ

ರುಚಿಯ ತೀರ್ಪು ಸ್ವತಂತ್ರ ಬರವಣಿಗೆಯಾಗಿ ಬೆಳೆದದ್ದು ತಡವಾಗಿ. ಫ್ರಾನ್ಸಿನಲ್ಲಿ ಮಿಷೆಲಿನ್ ಟೈರು ಕಂಪೆನಿ 1900ರಲ್ಲಿ ಕಾರಿನ ಪ್ರಯಾಣಿಕರಿಗಾಗಿ ಹೊರತಂದ ಕೈಪಿಡಿ 1926ರಲ್ಲಿ ಉಪಾಹಾರ ಗೃಹಗಳಿಗೆ ನಕ್ಷತ್ರ ಕೊಡತೊಡಗಿತು. ನಮ್ಮಲ್ಲಿ ಆ ಕೆಲಸವನ್ನು ಮಾಡಿದ್ದು ಇಂಗ್ಲಿಷ್ ಪತ್ರಿಕೆಗಳು. ಮುಂಬಯಿಯಲ್ಲಿ ‘ಬಿಸಿಬೀ’ ಎಂಬ ಹೆಸರಿನಿಂದ ಬರೆಯುತ್ತಿದ್ದ ಬೆಹ್ರಾಂ ಕಾಂಟ್ರಾಕ್ಟರರು, 1985ರಲ್ಲಿ ತಾವೇ ಆರಂಭಿಸಿದ ಸಂಜೆ ಪತ್ರಿಕೆಯಲ್ಲಿಯೂ, ನಗರದ ಊಟದ ಮನೆಗಳ ಬಗೆಗೆ ಬರೆದು ಪ್ರಸಿದ್ಧರಾದರು. ಮುಂಬಯಿಯಲ್ಲಿ ಹೊರಗೆ ಉಣ್ಣುವ ರೂಢಿಯ ಚರಿತ್ರೆಯನ್ನು ಫ್ರ್ಯಾಂಕ್ ಕಾನ್ಲನ್ ಅವರು 1995ರಲ್ಲಿ ವಿಸ್ತಾರವಾಗಿ ಬರೆದರು. ತಮಿಳುನಾಡಿನ ಕಾಫಿ ಹೋಟೆಲುಗಳ ಬಗೆಗೆ ಎ. ಆರ್. ವೆಂಕಟಾಚಲಪತಿಯವರ 2006ರ ಗ್ರಂಥವಿದೆ. 2008ರಲ್ಲಿ ದೆಹಲಿಯಲ್ಲಿ ಆರಂಭವಾಗಿ ಮುಂದೆ ಜೊಮ್ಯಾಟೊ ಎಂಬ ಹೆಸರು ಪಡೆದ ಸಂಸ್ಥೆಯಿಂದಾಗಿ ಉಂಡವರೆಲ್ಲರೂ ತೀರ್ಪುಗಾರರಾಗುವ ಕಾಲ ಬಂದಿತು.

ಬರೆಯುವವರು ಹೆಚ್ಚಿದರೆ ಬರೆಹದ ವ್ಯಾಪ್ತಿ ಹೆಚ್ಚುತ್ತದೆಂದು ಹೇಳಲಾಗದು. ಮುಂಬಯಿಯ ಬಾರುಗಳ ಉದಾಹರಣೆಯನ್ನು ನೋಡಬಹುದು. 1949ರ ಮುಂಬಯಿ ಪಾನನಿರೋಧ ಕಾಯಿದೆಯ ಕೆಳಗೆ ಪರವಾನಗಿ ಇದ್ದವರು ಮಾತ್ರ ಕುಡಿಯಬಹುದಾಗಿದ್ದುದರಿಂದ ‘ಪರ್ಮಿಟ್ ರೂಮ್’ ಎಂಬ ಹೆಸರು ಹುಟ್ಟಿತು. ನಿಯಮಗಳು ಸಡಿಲವಾದ ಮೇಲೆ ಕರಾವಳಿಯವರ ಅನೇಕ ಉಪಾಹಾರ ಗೃಹಗಳು ಬಾರುಗಳಾದವು. ಇವುಗಳ ಪೈಕಿ ಕೆಲವು ಡಾನ್ಸ್ ಬಾರುಗಳಾದವು. 2005ರಲ್ಲಿ ಮಹಾರಾಷ್ಟ್ರ ಸರ್ಕಾರ ಆ ನೃತ್ಯವನ್ನು ನಿಷೇಧಿಸಿತು. 2013ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ನಿಷೇಧವನ್ನು ಒಪ್ಪಲಿಲ್ಲ. ಇಡ್ಲಿ ದೋಸೆಗಳ ಬಗೆಗೆ ಪುಟಗಟ್ಟಲೆ ಬರೆದವರು ಈ ಬಾರುಗಳಲ್ಲಿ ಕುಳಿತದ್ದನ್ನು ಬರೆಯುವುದು ವಿರಳ. ಗೌರವಕ್ಕೆ ಕುಂದು ಬರುವಲ್ಲಿ ಉಂಡವನೂ ಮೌನಿಯಾಗುತ್ತಾನೆ. ಅಲ್ಲಿ ಸಂಶೋಧಕನು ನ್ಯಾಯಾಲಯದ ಕಡತವನ್ನೇ ಆಶ್ರಯಿಸಬೇಕಾಗುತ್ತದೆ.

ಹಾಗೆಯೇ, 1966ರಲ್ಲಿ ಶಿವಸೇನೆ ಸ್ಥಾಪನೆಯಾದ ಮೇಲಿನ ವರ್ಷಗಳಲ್ಲಿ ಮುಂಬಯಿಯ ದಕ್ಷಿಣ ಭಾರತೀಯರ ಹೋಟೆಲುಗಳ ಮೇಲೆ ದಾಳಿಗಳು ನಡೆದವು. ಗಿರಾಕಿಗೆ ಅಕ್ಕರೆಯ ತಾಣವಾಗಿದ್ದ ಜಾಗವೇ ರಾಜಕಾರಣದ ಕಣ್ಣಿಗೆ ಪರಕೀಯರ ನೆಲೆಯಾಗಿ ಕಂಡಿತು. ರುಚಿಯ ಅಂಕಣಗಳನ್ನಷ್ಟೇ ಓದಿದವರಿಗೆ ಈ ಭಯದ ಅಧ್ಯಾಯ ತಿಳಿಯದು.

6. ಬಡಿಸಿದವರ ಕಡೆ

ಉಂಡವರ ಬರೆಹದಲ್ಲಿ ಮತ್ತೆ ಮತ್ತೆ ಬರುವ ಒಂದು ಹೊಗಳಿಕೆಯಿದೆ: ಉಡುಪಿ ಹೋಟೆಲಿನಲ್ಲಿ ಕೂತ ಕೂಡಲೇ ನೀರು ಬರುತ್ತದೆ, ಹೇಳಿದ ಕೂಡಲೇ ತಿಂಡಿ ಬರುತ್ತದೆ, ಎದ್ದ ಕೂಡಲೇ ಮೇಜು ಶುಚಿಯಾಗುತ್ತದೆ. ಈ ಚುರುಕಿನ ಹಿಂದೆ ಇದ್ದವರು ಯಾರು? ಊರಿನಿಂದ ಹತ್ತು ಹನ್ನೆರಡು ವರ್ಷಕ್ಕೇ ಹೊರಟುಬಂದ ಹುಡುಗರು. ಅವರನ್ನು ‘ಮಾಣಿ’ ಎಂದು ಕರೆಯುತ್ತಿದ್ದರು. ಕ್ಲೀನರ್ ಆಗಿ ಸೇರಿ, ಸಪ್ಲೈಯರ್ ಆಗಿ, ಅದೃಷ್ಟವಿದ್ದರೆ ಗಲ್ಲೆಯ ಹತ್ತಿರ ಕೂರುವವರೆಗೆ ಏರುವ ಮೆಟ್ಟಿಲುಗಳು ಅವು. ರಾತ್ರಿ ಹೋಟೆಲು ಮುಚ್ಚಿದ ಮೇಲೆ ಮೇಜುಗಳನ್ನು ಜೋಡಿಸಿ ಮಲಗುವುದು, ಸಂಜೆ ಬಿಡುವು ಸಿಕ್ಕವರು ಕನ್ನಡ ರಾತ್ರಿ ಶಾಲೆಗೆ ಹೋಗುವುದು, ಇದು ಮುಂಬಯಿಯ ಸಾವಿರಾರು ತುಳುವ ಮತ್ತು ಕನ್ನಡ ಹುಡುಗರ ಬಾಳು. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ ಮೇಲೆ ಬಂದವರು ಉದ್ಯಮ, ವಕೀಲಿ, ಸಾಹಿತ್ಯ, ರಂಗಭೂಮಿಗಳಲ್ಲಿ ಹಲವರಿದ್ದಾರೆ.

ಇವರಲ್ಲಿ ಮೇಲೇರಿದವರ ಕತೆ ನಮಗೆ ದೊರೆಯುತ್ತದೆ. ಕಾರ್ಕಳದ ಕಡೆಯಿಂದ ಹುಡುಗನಾಗಿದ್ದಾಗಲೇ ಮನೆಬಿಟ್ಟು ಮುಂಬಯಿ ಪ್ರದೇಶಕ್ಕೆ ಬಂದು ಕ್ಯಾಂಟೀನಿನಲ್ಲಿ ಪಾತ್ರೆ ತೊಳೆದ ಜಯರಾಮ ಬನಾನರು 1986ರಲ್ಲಿ ದೆಹಲಿಯ ಡಿಫೆನ್ಸ್ ಕಾಲೊನಿಯಲ್ಲಿ ‘ಸಾಗರ್’ ಹೋಟೆಲನ್ನು ತೆರೆದ ಸಂಗತಿ ಪತ್ರಿಕೆಗಳಲ್ಲಿ ಅನೇಕ ಬಾರಿ ಬಂದಿದೆ. ಆದರೆ ಒಬ್ಬ ಮೇಲೇರಿದರೆ ಅದೇ ಮೆಟ್ಟಿಲಿನಲ್ಲಿ ಉಳಿದವರು ಹಲವರು. ಯಶಸ್ಸಿನ ಕತೆಗಳನ್ನಷ್ಟೇ ಕೂಡಿಸಿದರೆ ಅದು ಉದ್ಯಮಿಗಳ ಸ್ತುತಿಯಾಗುತ್ತದೆ, ಚರಿತ್ರೆಯಾಗುವುದಿಲ್ಲ.

ಕಾನೂನು ಕೂಡ ಈ ಹುಡುಗರನ್ನು ತಡವಾಗಿ ಕಂಡಿತು. 1986ರ ಬಾಲಕಾರ್ಮಿಕ ಕಾಯಿದೆಯ ನಿಷಿದ್ಧ ಉದ್ಯೋಗಗಳ ಪಟ್ಟಿಗೆ ಹೋಟೆಲು, ಢಾಬಾ, ಚಹದಂಗಡಿಗಳ ಕೆಲಸ ಸೇರಿದ್ದು 2006ರ ಅಕ್ಟೋಬರ್ 10ರಂದು. ಅದಕ್ಕೆ ಹಿಂದಿನ ದಶಕಗಳಲ್ಲಿ ಬರೆದ ಯಾವುದೇ ಹೋಟೆಲು ವರ್ಣನೆಯನ್ನು ಓದುವಾಗ ‘ಚುರುಕಾದ ಸೇವೆ’ ಎಂಬ ಮಾತಿನ ಕೆಳಗೆ ಒಬ್ಬ ಬಾಲಕ ನಿಂತಿರಬಹುದೆಂಬ ಎಚ್ಚರ ನಮಗಿರಬೇಕು.

ಬಡಿಸಿದವರು ತಾವೇ ಬರೆದ ಉದಾಹರಣೆ ನೆರೆಯ ಭಾಷೆಯಲ್ಲಿದೆ. 1936ರಲ್ಲಿ ಮುಂಬಯಿಯಲ್ಲಿ ಕಾಫಿಯ ಪ್ರಚಾರಕ್ಕಾಗಿ ಆರಂಭವಾದ ಇಂಡಿಯಾ ಕಾಫಿ ಹೌಸ್‌ಗಳನ್ನು ಕಾಫಿ ಮಂಡಲಿ 1950ರ ದಶಕದಲ್ಲಿ ಮುಚ್ಚತೊಡಗಿದಾಗ, ಎ. ಕೆ. ಗೋಪಾಲನ್ ಅವರ ಪ್ರೇರಣೆಯಿಂದ ಕೆಲಸಗಾರರು ಸಹಕಾರ ಸಂಘಗಳನ್ನು ಕಟ್ಟಿಕೊಂಡರು. ಇವುಗಳಲ್ಲಿ ಮೊದಲನೆಯದು 1957ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾಯಿತು. ಆ ಚಳವಳಿಯ ನಾಯಕರಲ್ಲೊಬ್ಬರಾದ ನಡಕ್ಕಲ್ ಪರಮೇಶ್ವರನ್ ಪಿಳ್ಳೆಯವರು ಕಾಫಿ ಹೌಸಿನ ಕತೆಯನ್ನು ಮಲಯಾಳದಲ್ಲಿ ಗ್ರಂಥವಾಗಿ ಬರೆದರು. ಕಾರ್ಮಿಕ ಸಂಘಟನೆಯಿದ್ದಲ್ಲಿ ಬಡಿಸಿದವನ ಮಾತು ಬರೆಹವಾಗಿ ಉಳಿಯಿತು. ಯಜಮಾನ ಮತ್ತು ಊರಿನ ಹುಡುಗ ಎಂಬ ಸಂಬಂಧವಿದ್ದಲ್ಲಿ ಅದು ಋಣಭಾರದ ಕೆಳಗೆ ಅಡಗಿತು. ಮುಂಬಯಿಯ ಗಿರಣಿ ಪ್ರದೇಶದ ಖಾನಾವಳಿಗಳಲ್ಲಿ ಅಡುಗೆ ಮಾಡಿದ ಹೆಂಗಸರ ವಿಷಯದಲ್ಲಿಯೂ 1975ರಲ್ಲಿ ಪ್ರೇಮಾ ಪುರವ್ ಅವರು ಅನ್ನಪೂರ್ಣಾ ಮಹಿಳಾ ಮಂಡಳವನ್ನು ಸ್ಥಾಪಿಸಿದ ಮೇಲೆಯೇ ದಾಖಲೆ ಎಂಬುದು ಹುಟ್ಟಿತು.

7. ಮುಂದಿನ ಕೆಲಸ

ಮೇಲಿನ ವಿವೇಚನೆಯಿಂದ ಸಂಶೋಧಕರಿಗೆ ಒದಗುವ ಕ್ರಮ ಇಷ್ಟು. ಹೋಟೆಲಿನ ಬಗೆಗಿನ ಯಾವುದೇ ಬರೆಹವನ್ನು ಕೈಗೆತ್ತಿಕೊಂಡಾಗ, ಬರೆದವನು ಅಲ್ಲಿ ಯಾವ ಅರ್ಹತೆಯಿಂದ ಕುಳಿತಿದ್ದ, ಯಾರು ಅಲ್ಲಿ ಕೂರಲಾಗುತ್ತಿರಲಿಲ್ಲ, ಅವನ ತಟ್ಟೆಯನ್ನು ಎತ್ತಿದವರು ಯಾರು ಎಂಬ ಮೂರು ಪ್ರಶ್ನೆಗಳನ್ನು ಕೇಳಬೇಕು. ಮೊದಲನೆಯದಕ್ಕೆ ಆ ಬರೆಹವೇ ಉತ್ತರ ಕೊಡುತ್ತದೆ. ಎರಡನೆಯದಕ್ಕೆ ಕಾನೂನು ಮತ್ತು ಚಳವಳಿಗಳ ದಾಖಲೆಗಳಿಗೆ ಹೋಗಬೇಕು. ಮೂರನೆಯದಕ್ಕೆ ಜನರ ಬಳಿಗೇ ಹೋಗಬೇಕು.

ಈ ಕೊನೆಯ ಕೆಲಸಕ್ಕೆ ಕಾಲಾವಕಾಶ ಕಡಿಮೆಯಿದೆ. ಮದರಾಸಿನ ಕೆಥೆಡ್ರಲ್ ರಸ್ತೆಯಲ್ಲಿ 1962ರಲ್ಲಿ ತೆರೆದ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ 2008ರಲ್ಲಿ ಮುಚ್ಚಿತು. ಆ ಜಾಗ ಈಗ ಉದ್ಯಾನ. ಅದು ಮುಚ್ಚಿದಾಗ ಅಲ್ಲಿ ಕಾಫಿ ಕುಡಿದವರು ಅಕ್ಕರೆಯ ಲೇಖನಗಳನ್ನು ಬರೆದರು, ಅವು ಉಳಿದಿವೆ. ಕಾರಿನ ಕಿಟಕಿಗೆ ತಟ್ಟೆ ಸಿಕ್ಕಿಸಿ ನಿಂತವರ ಮಾತನ್ನೂ ಅಷ್ಟೇ ಶ್ರದ್ಧೆಯಿಂದ ಬರೆದಿಡಬೇಕಾದದ್ದು ವಿಶ್ವವಿದ್ಯಾಲಯಗಳ ಹೊಣೆ. 1950, 60ರ ದಶಕಗಳಲ್ಲಿ ಮಾಣಿಗಳಾಗಿ ಸೇರಿದವರು ಇಂದು ಎಪ್ಪತ್ತು ದಾಟಿದವರು. ಹೊರನಾಡಿನ ಕನ್ನಡ ವಿಭಾಗಗಳು ತಮ್ಮ ನಗರದ ಹಳೆಯ ಹೋಟೆಲುಗಳ ಸಂಬಳದ ಪುಸ್ತಕ, ದರಪಟ್ಟಿ, ದೂರು ಪುಸ್ತಕಗಳನ್ನೂ ರಾತ್ರಿ ಶಾಲೆಗಳ ದಾಖಲಾತಿ ಪುಸ್ತಕಗಳನ್ನೂ ಪ್ರತಿ ಮಾಡಿಸಿ ಇಟ್ಟುಕೊಂಡು, ಈ ಹಿರಿಯರ ಮಾತನ್ನು ಅವರು ಆಡುವ ಭಾಷೆಯಲ್ಲಿಯೇ, ಅದು ತುಳುವಾಗಲಿ ಕೊಂಕಣಿಯಾಗಲಿ ಕುಂದಾಪುರ ಕನ್ನಡವಾಗಲಿ, ಧ್ವನಿಮುದ್ರಿಸಿಕೊಳ್ಳಬೇಕು. ಒಂದೊಂದು ನಗರದಲ್ಲಿ ಹತ್ತು ಹೋಟೆಲುಗಳಿಂದ ಈ ಕೆಲಸ ಆರಂಭವಾದರೂ ಸಾಕು. ಉಂಡವರ ಮಾತಿನ ಪಕ್ಕದಲ್ಲಿ ಇಡಲು ಬಡಿಸಿದವರ ಮಾತು ನಮಗೆ ದೊರೆಯುತ್ತದೆ.